‘ಆರಾಮ ಅದೀನಿ’ ಅನ್ನುವ ಮುನ್ನ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಹೊಲಕ್ಕೆ ಹೊರಟವರೂ ಅಷ್ಟೆ, ಪರದೇಶಕ್ಕೆ ಹೊರಟವರೂ ಅಷ್ಟೆ. ಓದಲೆಂದು 2024ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೊರಟಾಗ ನಾನೂ ಹಾಗೆಯೇ ಅಂದೆ. ಒಂದು ವರ್ಷ ಕಳೆದು ಅಲ್ಲಿಯ ಗೆಳೆಯರಿಂದ ಬೀಳ್ಕೊಳ್ಳುವಾಗ ಮಾತ್ರ ಯಾವ ಮಾತು ಬಳಸಬೇಕೆಂದು ತಿಳಿಯಲಿಲ್ಲ. ‘ಬರ್ತೀನಿ’ ಅಂದರೆ ಸುಳ್ಳಾದೀತು. ‘ಹೋಗ್ತೀನಿ’ ಅನ್ನಲು ನಾಲಿಗೆ ಏಳಲಿಲ್ಲ.

ನನ್ನ ಪರಿಚಯ ದೊಡ್ಡದೇನಲ್ಲ. ಅಪ್ಪನ ಊರು ಇಂಡಿ ತಾಲ್ಲೂಕಿನಲ್ಲಿ, ಭೀಮಾ ನದಿಗೆ ಹತ್ತಿರದ ಒಂದು ಹಳ್ಳಿ. ಅವ್ವನ ತವರು ಸಿಂದಗಿ ಕಡೆ. ಅಕ್ಕನನ್ನು ಕೊಟ್ಟದ್ದು ಮುದ್ದೇಬಿಹಾಳ ತಾಲ್ಲೂಕಿಗೆ. ಸೋದರತ್ತೆಯ ಮನೆ ಬಸವನ ಬಾಗೇವಾಡಿಯಲ್ಲಿ. ನಾನು ಹೈಸ್ಕೂಲು ಓದಿದ್ದು ಅಲ್ಲಿದ್ದುಕೊಂಡು. ಮದುವೆ, ಜಾತ್ರೆ, ಸೂಟಿ ಎಂದು ಈ ನಾಲ್ಕು ತಾಲ್ಲೂಕುಗಳ ನಡುವೆ ಕೆಂಪು ಬಸ್ಸಿನಲ್ಲಿ ಓಡಾಡಿದ್ದೇ ನನ್ನ ಬಾಲ್ಯದ ಪ್ರವಾಸ. ವಿಜಯಪುರದಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ನೀರಿನ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿತು. ನನ್ನ ಮದುವೆಗೆಂದು ಎತ್ತಿಟ್ಟ ದುಡ್ಡು, ಬ್ಯಾಂಕಿನ ಸಾಲ, ಆ ಸಾಲಕ್ಕೆ ಅಡವಾದ ಇಂಡಿಯ ಒಂದೇ ಒಂದು ನಿವೇಶನ — ಇವು ನನ್ನ ಬೆನ್ನಿಗಿದ್ದವು. ‘ಹೆಣ್ಣುಹುಡುಗಿಗೆ ಇಷ್ಟು ಖರ್ಚು ಮಾಡಿ ಏನು ಬರೂದೈತಿ?’ ಎಂದು ಕೇಳಿದ ಬಂಧುಗಳಿಗೆ ಅಪ್ಪ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು.

ಪರದೇಶದ ಓದಿನ ಬಗ್ಗೆ ಬರೆಯುವವರು ಕಾಲೇಜು, ಗ್ರಂಥಾಲಯ, ಶಿಸ್ತು, ಸ್ವಚ್ಛತೆ ಎಂದೆಲ್ಲ ಬರೆಯುತ್ತಾರೆ. ಅವೆಲ್ಲ ನಿಜವೇ. ಆದರೆ ನನಗೆ ಆ ವರ್ಷ ಬಹಳ ಕಲಿಸಿದ್ದು ಚಳಿಗಾಲದ ರಜೆಯ ಹತ್ತು ದಿನ. ಅದನ್ನೇ ಇಲ್ಲಿ ಹೇಳುತ್ತೇನೆ.

ನಾಲ್ಕಕ್ಕೇ ಸಂಜೆ

ಚಳಿ ನಮಗೆ ಹೊಸದಲ್ಲ. ಡಿಸೆಂಬರಿನಲ್ಲಿ ವಿಜಯಪುರ ಜಿಲ್ಲೆಯ ಬಯಲಿನ ಚಳಿ ಎಲುಬಿಗೆ ತಾಗುತ್ತದೆ. ಕೌದಿಯೊಳಗಿಂದ ಏಳಲು ಮನಸ್ಸಾಗುವುದಿಲ್ಲ. ಆದರೆ ಏಳು ಗಂಟೆಗೆಲ್ಲ ಬಿಸಿಲು ಬಂದು ಅಂಗಳದಲ್ಲಿ ಕೂರುತ್ತದೆ. ಲಂಡನ್ನಿನಲ್ಲಿ ಆ ತಿಂಗಳು ಸೂರ್ಯ ಹುಟ್ಟುವುದು ಎಂಟು ದಾಟಿದ ಮೇಲೆ, ಮುಳುಗುವುದು ನಾಲ್ಕಕ್ಕೂ ಮೊದಲು. ನಡುವಿನ ಎಂಟು ಗಂಟೆಗಳಲ್ಲೂ ಮೋಡ. ಬೆಳಿಗ್ಗೆ ತರಗತಿಗೆ ಹೋಗುವಾಗ ಕತ್ತಲೆ, ಮರಳುವಾಗಲೂ ಕತ್ತಲೆ. ಚಳಿಗೆ ಕೋಟು ಸಿಗುತ್ತದೆ. ಕತ್ತಲೆಗೆ ಯಾವ ಅಂಗಡಿಯಲ್ಲೂ ಏನೂ ಸಿಗುವುದಿಲ್ಲ.

ಈ ಕತ್ತಲೆ ಮೈಗೂ ಮನಸ್ಸಿಗೂ ಇಳಿಯುತ್ತದೆ. ಬಿಸಿಲಿಲ್ಲದ ಆ ತಿಂಗಳುಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವದ ಗುಳಿಗೆ ತೆಗೆದುಕೊಳ್ಳುವುದನ್ನು ಪರಿಗಣಿಸಿ ಎಂದು ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯೇ ಎಲ್ಲರಿಗೂ ಸಲಹೆ ಕೊಡುತ್ತದೆ. ಗುಳಿಗೆಯ ಮಾತು ಗೊತ್ತಿತ್ತು. ಆದರೆ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ದೀಪ ಹಚ್ಚಿ, ಗೋಡೆ ನೋಡುತ್ತ ಕೂತಾಗ ಎದೆಯಲ್ಲಿ ಏನೋ ಕುಸಿದಂತಾಗುತ್ತದಲ್ಲ, ಅದರ ಬಗ್ಗೆ ವೀಸಾ ಏಜೆಂಟರು ಹೇಳುವುದಿಲ್ಲ. ಮಕ್ಕಳನ್ನು ಕಳಿಸುವ ತಂದೆತಾಯಿಗಳು ಸ್ವೆಟರು ಎಷ್ಟು ಎಂದು ಎಣಿಸುವಾಗ ಇದನ್ನೂ ನೆನಪಿಡಲಿ.

ಬಂಡಿ ನಿಂತ ದಿನ

ಡಿಸೆಂಬರ್ 25ರಂದು ಲಂಡನ್ನಿನಲ್ಲಿ ರೈಲಿಲ್ಲ, ಸುರಂಗ ರೈಲಿಲ್ಲ, ಬಸ್ಸೂ ಇಲ್ಲ. ಅಷ್ಟು ದೊಡ್ಡ ನಗರ ಬಾಗಿಲು ಹಾಕಿಕೊಂಡು ಮನೆಮಂದಿಯೊಡನೆ ಉಣ್ಣಲು ಕೂತುಬಿಡುತ್ತದೆ. ಮನೆಮಂದಿ ಇಲ್ಲದವರು ಏನು ಮಾಡಬೇಕು? ನಾನು ನಡೆಯಲು ಹೊರಟೆ. ಅವ್ವ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿಯಲ್ಲಿ ಕೊನೆಯ ನಾಲ್ಕನ್ನು, ಶೇಂಗಾ ಹಿಂಡಿಯ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ.

ವೈಟ್‌ಚಾಪೆಲ್‌ನ ನನ್ನ ಕೋಣೆಯಿಂದ ಅರ್ಧ ಗಂಟೆಯೊಳಗೆ ಫಿನ್ಸ್‌ಬರಿ ಸರ್ಕಸ್ ಎಂಬ ಜಾಗ ಸಿಗುತ್ತದೆ. ದುಂಡಗಿನ ಉದ್ಯಾನ, ಸುತ್ತ ಕಚೇರಿ ಕಟ್ಟಡಗಳು. ಲಂಡನ್ ವಿಶ್ವವಿದ್ಯಾಲಯದ ಪೌರ್ವಾತ್ಯ ಅಧ್ಯಯನ ಶಾಲೆ 1917ರಲ್ಲಿ ಬಾಗಿಲು ತೆರೆದದ್ದು ಇಲ್ಲಿಯೇ. 1920ರ ದಶಕದಲ್ಲಿ ನಮ್ಮ ಇಂಡಿ ತಾಲ್ಲೂಕಿನ ಅಗರಖೇಡದ ತರುಣನೊಬ್ಬ ಪುಣೆಯ ಓದು ಮುಗಿಸಿ, ಹಡಗು ಹತ್ತಿ ಆ ಶಾಲೆಗೆ ಬಂದಿದ್ದ. ಹೆಸರು ಆರ್.ವಿ. ಜಾಗೀರದಾರ. ಆತನೇ ಮುಂದೆ ಕನ್ನಡ ರಂಗಭೂಮಿಯ ‘ಶ್ರೀರಂಗ’. 1904ರಲ್ಲಿ ಹುಟ್ಟಿದ ಆತ ಮರಳಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು, ಕನ್ನಡಕ್ಕೆ ಹೊಸ ಬಗೆಯ ನಾಟಕಗಳನ್ನು ಕೊಟ್ಟರು. ‘ಕತ್ತಲೆ ಬೆಳಕು’ ಎಂಬುದು ಅವುಗಳಲ್ಲೊಂದು. ಆ ಹೆಸರನ್ನು ಲಂಡನ್ನಿನ ಡಿಸೆಂಬರಿನಲ್ಲಿ ನೆನೆದರೆ ನಗು ಬರುತ್ತದೆ! ಫೋನಿಲ್ಲದ ಕಾಲದಲ್ಲಿ, ವಾರಗಟ್ಟಲೆ ಸಮುದ್ರ ದಾಟಿ ಬರುವ ಪತ್ರವೊಂದನ್ನೇ ನಂಬಿಕೊಂಡು ಆತ ಚಳಿಗಾಲಗಳನ್ನು ಹೇಗೆ ಕಳೆದಿದ್ದಾರು ಎಂದು ಆ ಉದ್ಯಾನದ ಬೇಲಿ ಹಿಡಿದು ಯೋಚಿಸಿದೆ.

ಅಗರಖೇಡದಂತೆಯೇ ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಅದೇ ಕಾಲಕ್ಕೆ ಇನ್ನೊಬ್ಬ ತರುಣನಿದ್ದ. ಮಧುರಚೆನ್ನ. ಹುಟ್ಟಿದ್ದು 1903ರಲ್ಲಿ, ಅಂದರೆ ಶ್ರೀರಂಗರಿಗಿಂತ ಒಂದು ವರ್ಷಕ್ಕೆ ಹಿರಿಯ. ಈತ ಲಂಡನ್ನಿಗೆ ಹೋಗಲಿಲ್ಲ. ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪನವರಂಥ ಗೆಳೆಯರನ್ನು ಕೂಡಿಸಿಕೊಂಡು, ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡರು. ಅದರಿಂದಲೇ 1931ರಲ್ಲಿ ‘ಗರತಿಯ ಹಾಡು’ ಬಂತು. ಒಂದೇ ತಾಲ್ಲೂಕು, ಒಂದೇ ವಯಸ್ಸು. ಒಬ್ಬ ಹೋಗಿ ಬಂದ, ಒಬ್ಬ ಹೋಗಲೇ ಇಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಕಲಿತರು ಎಂದು ಕೇಳಿದರೆ ನೀವೇನು ಹೇಳುತ್ತೀರಿ? ನನಗಂತೂ ಉತ್ತರ ಹೊಳೆಯಲಿಲ್ಲ. ಆದರೆ ‘ಫಾರಿನ್ನಿಗೆ ಹೋದವರೇ ಬುದ್ಧಿವಂತರು’ ಎಂಬ ನಮ್ಮೂರ ಮಾತು ಅಲ್ಲೇ ಸ್ವಲ್ಪ ಸಡಿಲವಾಯಿತು.

ಅಲ್ಲಿಂದ ಥೇಮ್ಸ್ ನದಿಯ ದಂಡೆ ಹಿಡಿದು ನಡೆದು, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಆಚೆ ದಂಡೆಯ ಲ್ಯಾಂಬೆತ್ ತಲುಪಿದೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನದಿಯ ಆಚೆಗೆ ಬ್ರಿಟಿಷ್ ಸಂಸತ್ತಿನ ಗೋಪುರಗಳು. ಬಾಗೇವಾಡಿಯಲ್ಲಿ ಶಾಲೆಗೆ ಹೋಗುವಾಗ ದಿನವೂ ಬಸವೇಶ್ವರ ಗುಡಿಯ ಹಾದಿ ತುಳಿದವಳು ನಾನು. ಅಲ್ಲಿ ಜನ, ಗಂಟೆ, ಶ್ರಾವಣದ ಜಾತ್ರೆಯ ಗದ್ದಲ. ಇಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬೆಂಚಿನ ಮೇಲೆ ಕೂತು ರೊಟ್ಟಿ ಮುರಿದೆ. ಕೈ ಬೆರಳು ಮರಗಟ್ಟಿದ್ದವು. ಆ ದಿನ ಬೆಳಿಗ್ಗೆಯಿಂದ ನಾನು ಯಾರೊಡನೆಯೂ ಒಂದು ಮಾತೂ ಆಡಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಮೆಲ್ಲಗೆ, ನಮ್ಮ ಕಡೆಯ ಮಾತಿನಲ್ಲಿ, ಬಸವಣ್ಣನ ಮುಂದೆ ಒಂದಿಷ್ಟು ಮಾತಾಡಿದೆ. ಏನು ಮಾತಾಡಿದೆ ಎಂಬುದು ನಮ್ಮಿಬ್ಬರೊಳಗೇ ಇರಲಿ.

ಕೆರೆ ಮತ್ತು ಸುರಂಗ

ಎರಡು ದಿನ ಬಿಟ್ಟು ನಾವು ನಾಲ್ವರು ಸಹಪಾಠಿಗಳು ಸ್ಕಾಟ್ಲೆಂಡಿಗೆ ಹೊರಟೆವು. ಒಬ್ಬಳು ನೈಜೀರಿಯಾದವಳು, ಒಬ್ಬಳು ಬಾಂಗ್ಲಾದೇಶದವಳು, ಒಬ್ಬ ಕೊಲಂಬಿಯಾದವನು. ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೊಗೆ ನಾಲ್ಕೂವರೆ ತಾಸಿನ ರೈಲು. ಮರುದಿನ ಬಾಡಿಗೆ ಕಾರಿನಲ್ಲಿ ಲಾಖ್ ಕ್ಯಾಟ್ರಿನ್ ಎಂಬ ಸರೋವರ ನೋಡಲು ಹೋದೆವು. ಪ್ರವಾಸಿಗರು ಅಲ್ಲಿಗೆ ಹೋಗುವುದು ಚೆಲುವಿಗಾಗಿ. ನೀರು ಓದುವವರಾದ ನಾವು ಹೋದದ್ದು ಒಂದು ಕೊಳವೆಯ ಕಥೆಗಾಗಿ!

ಹತ್ತೊಂಬತ್ತನೆಯ ಶತಮಾನದಲ್ಲಿ ಗ್ಲಾಸ್ಗೊ ನಗರ ಹೊಗೆ, ಕೊಳಕು ನೀರು, ಕಾಲರಾಗಳ ಊರಾಗಿತ್ತು. 1832ರಲ್ಲಿ, ಮತ್ತೆ 1848–49ರಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಆಗ ಬೇಟ್‌ಮನ್ ಎಂಬ ಎಂಜಿನಿಯರ್ ಬೆಟ್ಟಗಳ ನಡುವಿನ ಈ ಸರೋವರದಿಂದ, ಕಲ್ಲು ಕೊರೆದ ಸುರಂಗಗಳ ಮೂಲಕ, ಸುಮಾರು 40 ಕಿ.ಮೀ. ದೂರ ನೀರು ಹರಿಸಿದ. ಪಂಪು ಇಲ್ಲ, ಯಂತ್ರ ಇಲ್ಲ, ಇಳಿಜಾರೊಂದೇ. 1859ರಲ್ಲಿ ರಾಣಿ ವಿಕ್ಟೋರಿಯಾ ಅದನ್ನು ಉದ್ಘಾಟಿಸಿದಳು. ಗ್ಲಾಸ್ಗೊ ಇಂದಿಗೂ ಆ ಸರೋವರದ ನೀರು ಕುಡಿಯುತ್ತದೆ.

ಸಣ್ಣ ಮಳೆಯಲ್ಲಿ ದಂಡೆಯ ಮೇಲೆ ನಿಂತು ಗೆಳೆಯರು ಬೆರಗಾದರು. ನಾನು ಅವರಿಗೆ ವಿಜಯಪುರದ ಕಥೆ ಹೇಳಿದೆ. ಬೇಟ್‌ಮನ್ನನಿಗಿಂತ ಇನ್ನೂರು ವರ್ಷಕ್ಕೂ ಮೊದಲು ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗೆ ಸುರಂಗ ತೋಡಿ, ಇದೇ ಇಳಿಜಾರಿನ ತತ್ವದಿಂದ, ತಮ್ಮ ರಾಜಧಾನಿಗೆ ನೀರು ತಂದಿದ್ದರು. ಅಲ್ಲಲ್ಲಿ ಗಾಳಿ-ಬೆಳಕಿಗೆ ಬಾವಿಯಂಥ ಕಿಂಡಿಗಳು. ಊರೊಳಗೆ 1620ರ ತಾಜ್ ಬಾವಡಿ, ಆಮೇಲೆ ಬೇಗಂ ತಲಾಬ್. ಗೆಳತಿ ಕೇಳಿದಳು: ‘ಈಗಲೂ ಆ ಸುರಂಗದಲ್ಲಿ ನೀರು ಬರುತ್ತದೆಯೇ?’ ಇಲ್ಲ ಎಂದೆ. ‘ಯಾಕೆ?’ ಎಂದಳು. ಎಂಜಿನಿಯರಿಂಗಿನ ಉತ್ತರಗಳು ಹತ್ತಿದ್ದವು: ಹೂಳು, ಕೊಳವೆಬಾವಿ, ಕುಸಿದ ಅಂತರ್ಜಲ, ಮೇಲೆ ಎದ್ದ ಕಟ್ಟಡಗಳು. ಆದರೆ ಆ ‘ಯಾಕೆ’ ನನ್ನ ಹಿಂದೆಯೇ ಬಂತು.

ಇನ್ನೊಂದು ಯೋಚನೆಯೂ ಅಲ್ಲಿ ಬಂತು. ಅಕ್ಕನ ಗಂಡನ ಮನೆಯವರು ಕೃಷ್ಣೆಯ ದಂಡೆಯವರು. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಮುಂದೆ ನೀರು ನಿಂತಾಗ ಇವರ ಹಳೆಯ ಮನೆ, ಕರಿಮಣ್ಣಿನ ಹೊಲ ಎರಡೂ ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದವರು. ಅಕ್ಕನ ಅತ್ತೆ ಈಗಲೂ ‘ನಮ್ಮೂರು’ ಅಂದರೆ ನೀರಿನೊಳಗಿರುವ ಊರು ಎಂದೇ ಅರ್ಥ. ನೀರು ಪಡೆದ ನಗರದ ಕಥೆ ಪುಸ್ತಕದಲ್ಲಿ ಸಿಗುತ್ತದೆ. ನೆಲ ಬಿಟ್ಟವರ ಕಥೆಯನ್ನು ಮನೆಗೆ ಹೋಗಿ ಕೂತು ಕೇಳಬೇಕಾಗುತ್ತದೆ.

ಎಳ್ಳ ಅಮಾಸಿ

2024ರಲ್ಲಿ ಎಳ್ಳಮಾವಾಸ್ಯೆ ಬಂದದ್ದು ಡಿಸೆಂಬರ್ 30, ಸೋಮವಾರ. ನಮ್ಮ ಜಿಲ್ಲೆಯವರಿಗೆ ಈ ಹಬ್ಬದ ಬಗ್ಗೆ ಹೇಳಬೇಕಾಗಿಲ್ಲ. ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರು ಎಲ್ಲ ಬುಟ್ಟಿಗೆ ತುಂಬಿ, ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂಡಿ ಉಣ್ಣುವುದು. ಭೂಮಿತಾಯಿಗೆ ಬಸಿರಿನ ಬಯಕೆಯ ಊಟ ಅದು.

ಊರಲ್ಲಿ ಒಂದೂವರೆ ಗಂಟೆಯಾದಾಗ ಎಡಿನ್‌ಬರೊದಲ್ಲಿ ಬೆಳಿಗ್ಗೆ ಎಂಟು. ಹೊರಗೆ ಇನ್ನೂ ಕತ್ತಲೆ. ಅಲ್ಲಿ ಸೂರ್ಯ ಕಾಣುವುದು ಎಂಟೂ ಮುಕ್ಕಾಲರ ಸುಮಾರಿಗೆ. ಗಾಳಿ ಕಿಟಕಿಯನ್ನು ಗುದ್ದುತ್ತಿತ್ತು. ಅಪ್ಪ ಹೊಲದಿಂದಲೇ ವೀಡಿಯೊ ಕರೆ ಮಾಡಿದ. ಫೋನಿನ ಗಾಜಿನ ತುಂಬ ಬಿಸಿಲು! ಬಿಳಿಜೋಳ ಸೊಂಟದ ಮಟ್ಟ ನಿಂತಿತ್ತು. ಅವ್ವ ಎಂದಿನಂತೆ ‘ಆರಾಮ ಅದೀಯಿಲ್ಲ?’ ಅಂದಳು. ನಾನು ಎಂದಿನಂತೆ ‘ಆರಾಮ ಅದೀನಿ. ನೀವು?’ ಅಂದೆ. ‘ನಾವೂ ಆರಾಮ ಅದೀವಿ’ ಅಂದಳು.

ಆಗ ಅಪ್ಪ ಫೋನು ಇಸಿದುಕೊಂಡು ಸ್ವಲ್ಪ ದೂರ ನಡೆದು ಹೋದ. ಕ್ಯಾಮೆರಾ ತಿರುಗಿಸಿ ತೊಗರಿ ಹೊಲ ತೋರಿಸಿದ. ಅರ್ಧಕ್ಕರ್ಧ ಗಿಡ ಕಾಯಿ ಕಟ್ಟುವ ಮೊದಲೇ ಒಣಗಿ ನಿಂತಿದ್ದವು. ನೆಟೆರೋಗ.

‘ನಿನಗ ಹೇಳಬ್ಯಾಡ ಅಂತ ನಿಮ್ಮವ್ವ ಅಂದಿದ್ಳು. ಪರೀಕ್ಷಾ ಐತಿ, ಮನಸ್ಸು ಕೆಡಿಸ್ಕೋತಾಳ ಅಂದ್ಳು. ಆದ್ರ ನೀ ಮನಿ ಮಗಳು. ಮನಿ ಹೆಂಗೈತಿ ಅಂತ ನಿನಗ ಗೊತ್ತಿರಬೇಕು’ ಎಂದ. ಆಮೇಲೆ, ಸ್ವಲ್ಪ ತಡೆದು, ‘ಈಗ ನೀ ಹೇಳು. ಖರೇನ ಆರಾಮ ಅದೀ?’ ಎಂದ.

ನಾನು ಹೇಳಿದೆ. ಎಂಟಾದರೂ ಬೆಳಕಾಗದ ಬೆಳಗಿನ ಬಗ್ಗೆ ಹೇಳಿದೆ. ವಾರಕ್ಕೆ ಇಪ್ಪತ್ತು ತಾಸು ಅಂಗಡಿಯಲ್ಲಿ ದುಡಿದು, ರಾತ್ರಿ ಓದಲು ಕೂತರೆ ಅಕ್ಷರ ಓಡಾಡುವುದನ್ನು ಹೇಳಿದೆ. ಒಂದು ಇಡೀ ದಿನ ಒಂದೇ ಒಂದು ಕನ್ನಡ ಮಾತು ಕಿವಿಗೆ ಬೀಳದೆ ಕಳೆದದ್ದನ್ನು ಹೇಳಿದೆ. ಅಪ್ಪ ಸಮಾಧಾನ ಹೇಳಲಿಲ್ಲ, ‘ಬಂದುಬಿಡು’ ಅನ್ನಲೂ ಇಲ್ಲ. ಎಲ್ಲ ಕೇಳಿಸಿಕೊಂಡು, ‘ಸರಿ, ಇಬ್ಬರಿಗೂ ಗೊತ್ತಾತು. ಇನ್ನ ಉಣ್ಣೂಣು’ ಎಂದ. ಅವರು ಹೊಲದಲ್ಲಿ ಹೋಳಿಗೆ ತಿಂದರು, ನಾನು ಕೋಣೆಯಲ್ಲಿ ಬ್ರೆಡ್ಡು ತಿಂದೆ. ಆ ವರ್ಷದಲ್ಲೇ ನನಗೆ ಮನೆಯೂಟದಂತೆ ರುಚಿಸಿದ ಬ್ರೆಡ್ಡು ಅದೊಂದೇ.

ಮರುದಿನ ಎಡಿನ್‌ಬರೊದ ಪ್ರಸಿದ್ಧ ಹೊಸ ವರ್ಷದ ಬೀದಿ ಉತ್ಸವ, ಸಿಡಿಮದ್ದಿನ ಪ್ರದರ್ಶನ ಎಲ್ಲ ಗಾಳಿಮಳೆಯ ಭಯದಿಂದ ರದ್ದಾದವು. ಅದಕ್ಕೆಂದೇ ದೂರದೂರದಿಂದ ಬಂದವರು ಸಪ್ಪೆ ಮುಖ ಮಾಡಿಕೊಂಡು ಬೀದಿಯಲ್ಲಿ ತಿರುಗಿದರು. ನಾವು ನಾಲ್ವರು ಕೋಣೆಯಲ್ಲೇ ಅನ್ನ, ಬೇಳೆ ಬೇಯಿಸಿದೆವು. ಒಬ್ಬೊಬ್ಬರೂ ಮನೆಗೆ ಫೋನು ಮಾಡಿದರು. ನಾಲ್ಕು ಭಾಷೆಯಲ್ಲೂ ಮಾತು ಶುರುವಾದದ್ದು ಹೇಗೆಂದು ಅರ್ಥ ತಿಳಿಯದೆಯೂ ತಿಳಿಯುತ್ತಿತ್ತು: ಆರಾಮ, ಆರಾಮ, ಆರಾಮ.

ಲಂಡನ್ನಿಗೆ ಮರಳಿದ ಮೇಲೆ ಅಪ್ಪ ಒಂದು ಪದ್ಧತಿ ಹಾಕಿದ. ಪ್ರತಿ ಭಾನುವಾರದ ಕರೆಯಲ್ಲಿ ಆ ಕಡೆಯಿಂದ ಒಂದು ಕೆಟ್ಟ ಸುದ್ದಿ, ಒಂದು ಒಳ್ಳೆಯ ಸುದ್ದಿ. ಈ ಕಡೆಯಿಂದಲೂ ಹಾಗೆಯೇ. ಕೆಟ್ಟದ್ದೇನೂ ಇಲ್ಲದ ವಾರ ಅವ್ವ ‘ಬೆಕ್ಕು ಹಾಲು ಕುಡೀತು’ ಅಂತಾದರೂ ಹೇಳುತ್ತಿದ್ದಳು. ನಕ್ಕು ನಕ್ಕು ಸಾಕಾಗುತ್ತಿತ್ತು. ಆದರೆ ಆ ಪದ್ಧತಿಯಿಂದಲೇ ಮಾರ್ಚಿನವರೆಗಿನ ಕತ್ತಲೆ ದಾಟಿತು.

ಉಳಿಯುವುದೋ, ಬರುವುದೋ

ಪದವಿಯ ನಂತರ ಎರಡು ವರ್ಷ ಅಲ್ಲೇ ಉಳಿದು ಕೆಲಸ ಮಾಡಲು ನಮಗೆ ಅವಕಾಶವಿತ್ತು. ಸಹಪಾಠಿಗಳಲ್ಲಿ ಹೆಚ್ಚಿನವರು ಉಳಿದರು. ಅವರದು ತಪ್ಪಲ್ಲ, ಸಾಲ ಎಲ್ಲರ ಮನೆಯಲ್ಲೂ ಇದೆ. ನಾನೂ ಲೆಕ್ಕ ಹಾಕಿದೆ. ಉಳಿದರೆ ಬ್ಯಾಂಕಿನ ಕಂತು ಬೇಗ ತೀರುತ್ತದೆ, ನಿವೇಶನದ ಕಾಗದ ಕೈಗೆ ಬರುತ್ತದೆ. ಇನ್ನೊಂದು ಕಡೆ, ನನ್ನ ಪ್ರಬಂಧದ ವಿಷಯ ನಮ್ಮ ಭಾಗದ ಹಳೆಯ ಕೆರೆ, ಬಾವಡಿಗಳಿಂದ ಅಂತರ್ಜಲದ ಮರುಪೂರಣ. ಕಂಪ್ಯೂಟರಿನಲ್ಲಿ ನಕ್ಷೆ ಬರೆದೆ, ಮಳೆಯ ಅಂಕಿಗಳನ್ನು ಕೂಡಿಸಿದೆ. ಕೊನೆಯಲ್ಲಿ ಮಾರ್ಗದರ್ಶಕರು ಕೇಳಿದರು: ‘ಕೆರೆ ತುಂಬಿದ ವರ್ಷ ಸುತ್ತಲಿನ ಬಾವಿಗಳಲ್ಲಿ ನೀರು ಎಷ್ಟು ಏರುತ್ತದೆ? ಯಾರಾದರೂ ಊರೂರಿಗೆ ಹೋಗಿ ಅಳೆದಿದ್ದಾರೆಯೇ?’ ಆ ಪ್ರಶ್ನೆಗೆ ಉತ್ತರ ಲಂಡನ್ನಿನ ಗ್ರಂಥಾಲಯದಲ್ಲಿ ಇರಲಿಲ್ಲ. ಬಾವಿಗೆ ಹಗ್ಗ ಇಳಿಬಿಟ್ಟು ಅಳೆಯಬೇಕಿತ್ತು.

ಅಪ್ಪನಿಗೆ ಎರಡನ್ನೂ ಹೇಳಿದೆ. ಆತ ಹೇಳಿದ್ದು ಇಷ್ಟೇ: ‘ನಮಗಾಗಿ ಬರಬ್ಯಾಡ. ಸಾಲಕ್ಕಾಗಿ ಅಲ್ಲೇ ಇರಬ್ಯಾಡ. ಕೆಲಸ ಎಲ್ಲೈತಿ ನೋಡು, ಅಲ್ಲಿರು.’

ನಾನು ಟಿಕೆಟ್ ತೆಗೆಸಿದ ವಾರವೇ ಭೀಮಾ ಉಕ್ಕಿ ಬಂದಳು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಇಂಡಿ, ಆಲಮೇಲ ಭಾಗದ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಹಿಂದಿನ ವರ್ಷ ಒಣಗಿದ ನಮ್ಮ ತೊಗರಿ ಈ ವರ್ಷ ನೀರಿನಲ್ಲಿ ನಿಂತು ಕೊಳೆಯಿತು. ಭಾನುವಾರದ ಕೆಟ್ಟ ಸುದ್ದಿಗೆ ಆ ಸಲ ಬರವಿರಲಿಲ್ಲ. ‘ಇಂಥಾದ್ರಾಗ ಬಂದೇನು ಮಾಡ್ತಿ?’ ಎಂದು ಅವ್ವ ಅತ್ತಳು. ನಾನು ಹೊರಡುವುದನ್ನು ನಿಲ್ಲಿಸಲಿಲ್ಲ.

ಈಗ ಜಿಲ್ಲೆಯಲ್ಲೇ ಒಂದು ಸಣ್ಣ ಕೆಲಸದಲ್ಲಿದ್ದೇನೆ. ಪಗಾರವನ್ನು ಲಂಡನ್ನಿನದಕ್ಕೆ ಹೋಲಿಸುವಂತಿಲ್ಲ. ಕಂತು ತೀರಲು ಎಷ್ಟು ವರ್ಷ ಬೇಕೆಂದು ಅಪ್ಪ, ನಾನು ಕೂತು ಕಾಗದದ ಮೇಲೆ ಬರೆದಿದ್ದೇವೆ; ಆ ಸಂಖ್ಯೆ ಚಿಕ್ಕದೇನಲ್ಲ. ಬಂಧುಗಳ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. ಬೈಕಿನ ಹಿಂದೆ ಅಳತೆಯ ಪಟ್ಟಿ ಕಟ್ಟಿಕೊಂಡು ಸಿಂದಗಿ, ಮುದ್ದೇಬಿಹಾಳ ಕಡೆಯ ಬಾವಿಗಳನ್ನು ಅಳೆಯಲು ಹೋದರೆ ‘ಫಾರಿನ್ ಓದಿ ಬಂದು ಬಾವಿ ಇಣುಕ್ತಾಳ ನೋಡು’ ಎಂದು ನಗುವವರಿದ್ದಾರೆ. ನೀರು ಎಷ್ಟು ಅಡಿಗಿದೆ ಎಂದು ತಾವೇ ಹೇಳಿ, ಚಹಾ ಕುಡಿಸಿ ಕಳಿಸುವವರೂ ಇದ್ದಾರೆ.

ಪರದೇಶ ಹೋಗುವ ತಮ್ಮ ತಂಗಿಯರೇ, ಹೋಗಿ. ಕಾಗದಪತ್ರ, ಗುಳಿಗೆ, ಸ್ವೆಟರು, ಕಟಕ ರೊಟ್ಟಿ ಎಲ್ಲ ಒಯ್ಯಿರಿ. ಚಳಿಗಾಲದ ರಜೆಯಲ್ಲಿ ಕೋಣೆಯಲ್ಲಿ ಕೂರದೆ ನಾಲ್ಕು ಜನರ ಜೊತೆ ಎಲ್ಲಿಗಾದರೂ ಹೊರಡಿ. ಕಳಿಸುವ ಅಪ್ಪ ಅಮ್ಮಂದಿರೇ, ಹೊಲ ಒಣಗಿದರೆ ಒಣಗಿದೆ ಎಂದೇ ಮಕ್ಕಳಿಗೆ ಹೇಳಿ. ನೀವು ಮೊದಲು ಹೇಳಿದರೆ ಅವರೂ ಹೇಳುತ್ತಾರೆ. ಹೇಗಿದ್ದರೂ ವಾರಕ್ಕೊಮ್ಮೆ ಫೋನು ಮಾಡುತ್ತೀರಲ್ಲ, ‘ಖರೇನ ಆರಾಮ ಅದೀ?’ ಎಂದು ಎರಡನೆಯ ಸಲ ಕೇಳಲು ಎಷ್ಟು ಹೊತ್ತು ಹಿಡಿದೀತು?